ಕೀಬೋರ್ಡ್ ಕಲಿಯುವ ಮಕ್ಕಳಿಗೆ ನಮ್ಮ ಧಾಟಿಗಳನ್ನೂ ಕೊಡೋಣ

ಮಾನ್ಯ ಸಂಪಾದಕರಿಗೆ ನಮಸ್ಕಾರಗಳು.

ಮಕ್ಕಳು ಮೊಬೈಲ್ ಆ್ಯಪ್ ನೋಡಿಕೊಂಡು ಕೀಬೋರ್ಡ್ ಕಲಿಯುವುದರ ಬಗ್ಗೆ ನಿಮ್ಮ ಓದುಗರ ಪತ್ರಗಳ ಅಂಕಣದಲ್ಲಿ ಈಚೆಗೆ ಎರಡು ಪತ್ರ ಬಂದವು. ಇದರಿಂದ ಮಕ್ಕಳ ಕಿವಿ ಕೆಡುತ್ತದೆ, ಇದು ಸಂಗೀತವೇ ಅಲ್ಲ ಎಂದು ಒಬ್ಬರು ಬರೆದಿದ್ದರು. ಗುರುಗಳ ಮನೆಗೆ ಅಲೆಯುವ ಕಾಲ ಮುಗಿಯಿತು, ಇನ್ನೆಲ್ಲ ಫೋನಿನಲ್ಲೇ ಸಿಗುತ್ತದೆ ಎಂದು ಇನ್ನೊಬ್ಬರು ಉತ್ತರ ಕೊಟ್ಟಿದ್ದರು. ನಾನು ಬೆಟಗೇರಿಯಲ್ಲಿ ಸಂಜೆ ಹೊತ್ತು ಮಕ್ಕಳಿಗೆ ಪೇಟಿ (ಹಾರ್ಮೋನಿಯಂ) ಮತ್ತು ಕೀಬೋರ್ಡ್ ಹೇಳಿಕೊಡುವವನು. ನಮ್ಮ ಓಣಿಯ ಭಜನಾ ಮೇಳಕ್ಕೆ ಪೇಟಿ ಸಾಥ್ ಕೊಡುತ್ತೇನೆ. ಈ ಆ್ಯಪ್‌ಗಳನ್ನು ನಾನೂ ಬಳಸುತ್ತೇನೆ, ಮಕ್ಕಳಿಗೂ ಬಳಸಿರೆಂದೇ ಹೇಳುತ್ತೇನೆ. ಅವುಗಳೊಳಗೆ ತುಂಬಿರುವ ಹಾಡುಗಳು ಯಾರವು, ಅವು ಯಾವ ಲೆಕ್ಕದ ಮೇಲೆ ಕಾರ್ಡ್ ಹೇಳುತ್ತವೆ ಎಂಬ ಪ್ರಶ್ನೆ ಮಾತ್ರ ಆ ಎರಡೂ ಪತ್ರಗಳಲ್ಲಿ ಬರಲಿಲ್ಲ. ಅದನ್ನು ಕೇಳಲೇಬೇಕಾದ ಹೊತ್ತು ಬಂದಿದೆ ಅಂತ ಈ ಪತ್ರ. ಸ್ವಲ್ಪ ಉದ್ದವಾಗಿದೆ, ದಯವಿಟ್ಟು ಕತ್ತರಿಸದೆ ಪ್ರಕಟಿಸಬೇಕು.

ಸಂಗೀತದ ಒಡನಾಟ ಇಲ್ಲದವರಿಗಾಗಿ ಮೊದಲು ಒಂದು ಮಾತು. ಬಲಗೈ ಹಾಡಿನ ಧಾಟಿ ನುಡಿಸುತ್ತಿರುವಾಗ ಎಡಗೈ ಮೂರು ಸ್ವರಗಳನ್ನು ಒಟ್ಟಿಗೆ ಒತ್ತುತ್ತದಲ್ಲ, ಅದೇ ಕಾರ್ಡ್. ಸ-ಗ-ಪ ಒಂದು ಕಾರ್ಡ್, ಮ-ದ-ಸ ಇನ್ನೊಂದು, ಪ-ನಿ-ರಿ ಮತ್ತೊಂದು. (ಸ ರಿ ಗ ಮ ಪ ದ ನಿ-ಗಳ ಪೂರ್ತಿ ಹೆಸರು ಷಡ್ಜ, ರಿಷಭ, ಗಾಂಧಾರ, ಮಧ್ಯಮ, ಪಂಚಮ, ಧೈವತ, ನಿಷಾದ.) ಬಿಳಿ ಒಂದನ್ನು, ಅಂದರೆ ಸಪ್ತಕದ ಮೊದಲ ಬಿಳಿ ಕೀಯನ್ನು, ಷಡ್ಜ ಮಾಡಿಕೊಂಡರೆ ಇವೇ ಸಿ, ಎಫ್, ಜಿ. ಈ ಮೂರು ಕೈಗೆ ಕೂತರೆ ಎಷ್ಟೋ ಪ್ರಾರ್ಥನೆ ಪದಗಳಿಗೆ, ಭಾವಗೀತೆಗಳಿಗೆ, ಸಿನಿಮಾ ಹಾಡುಗಳಿಗೆ ಸಾಥ್ ಕೊಡಬಹುದು. ಧಾಟಿಯ ಯಾವ ಜಾಗದಲ್ಲಿ ಯಾವ ಕಾರ್ಡ್ ಕೂಡುತ್ತದೆ, ತಾಳದ ಯಾವ ಮಾತ್ರೆಯ ಮೇಲೆ ಬದಲಿಸಬೇಕು ಎಂಬುದು ಇಲ್ಲಿಯ ವಿದ್ಯೆ. ನಮ್ಮ ಕಡೆ ಇದನ್ನು ಹೇಳಿಕೊಡುವವರು ಮೊದಲಿನಿಂದಲೂ ಕಡಿಮೆ. ಹಿಂದುಸ್ತಾನಿ ಕಲಿಸುವ ಗುರುಗಳಿಗೆ ಕಾರ್ಡಿನ ಗೊಡವೆ ಇಲ್ಲ. ಆಸೆ ಇದ್ದ ಹುಡುಗರು ಹುಬ್ಬಳ್ಳಿಗೋ ಗದಗಿಗೋ ಬಂದು ಆರ್ಕೆಸ್ಟ್ರಾದ ಕೀಬೋರ್ಡಿನವರ ಬೆನ್ನ ಹಿಂದೆ ನಿಂತು, ಅವರ ಎಡಗೈ ನೋಡಿ ಕದ್ದು ಕಲಿಯಬೇಕಿತ್ತು. ಮುಂಡರಗಿಯ ಕಡೆಯ ಹಳ್ಳಿಯೊಂದರಲ್ಲಿ ಕೂತ ಹುಡುಗನಿಗೂ ಇವತ್ತು ಆ ವಿದ್ಯೆಯ ಬಾಗಿಲು ತೆರೆದಿದೆ. ಇದನ್ನು ಬಯ್ಯುವವರ ಜೊತೆ ನಾನು ನಿಲ್ಲಲಾರೆ.

ಈ ಸಾಧನಗಳಲ್ಲಿ ಬೇರೆ ಬೇರೆ ಜಾತಿ ಇವೆ. ನಮ್ಮ ಪಾಲಕರು ಎಲ್ಲವನ್ನೂ ‘ಆ್ಯಪ್’ ಎಂಬ ಒಂದೇ ಹೆಸರಿನಿಂದ ಕರೆಯುವುದರಿಂದ ಗೊಂದಲ ಹುಟ್ಟುತ್ತದೆ. ಹಾಡಿನ ರೆಕಾರ್ಡಿಂಗನ್ನು ಕೇಳಿಸಿಕೊಂಡು ತಾವೇ ಕಾರ್ಡ್ ಹೇಳುವ ಸಾಧನಗಳು ಒಂದು ಬಗೆ. ನೆದರ್ಲೆಂಡ್ಸ್‌ನ ಕಾರ್ಡಿಫೈ ಇವುಗಳಲ್ಲಿ ಹೆಚ್ಚು ಹೆಸರಾದದ್ದು. ನಾವು ಕಾರ್ಡ್‌ಗಳ ಹೆಸರು ಬರೆದುಕೊಟ್ಟರೆ ಪಿಯಾನೋ, ಬೇಸ್, ಡ್ರಮ್ ಕೂಡಿಸಿ ಜೊತೆಗೆ ನುಡಿಸುವಂಥವು ಇನ್ನೊಂದು ಬಗೆ. ಕೆನಡಾದ ಪಿಜಿ ಮ್ಯೂಸಿಕ್ ಕಂಪನಿಯ ಬ್ಯಾಂಡ್-ಇನ್-ಎ-ಬಾಕ್ಸ್ 1990ರಷ್ಟು ಹಿಂದೆಯೇ ಬಂದದ್ದು. ಫೋನಿನಲ್ಲಿ ಈಗ ಐರಿಯಲ್ ಪ್ರೊ ಅದೇ ಕೆಲಸ ಮಾಡುತ್ತದೆ. ಧಾಟಿಯನ್ನೂ ಕಾರ್ಡನ್ನೂ ನಾವೇ ಬರೆದು, ಬರೆದದ್ದನ್ನು ಕೇಳಿ, ತಿದ್ದಿ, ಇನ್ನೊಬ್ಬರಿಗೆ ಕಳಿಸಬಹುದಾದಂಥವು ಮೂರನೆಯ ಬಗೆ. ಮ್ಯೂಸ್‌ಸ್ಕೋರ್ ಮತ್ತು ಎಬಿಸಿ ಲಿಪಿಯ ತಂತ್ರಾಂಶಗಳು ಈ ಗುಂಪಿನವು. ಮಕ್ಕಳ ಕೈಗೆ ಮೊದಲು ಸಿಗುವುದು ಒಂದನೆಯ ಬಗೆ. ಅವರಿಗೆ ಹೆಚ್ಚು ಉಪಯೋಗಕ್ಕೆ ಬರುವುದು ಮೂರನೆಯದು. ಇದನ್ನು ನಾನು ಬರೀ ಅನಿಸಿಕೆಯಿಂದ ಹೇಳುತ್ತಿಲ್ಲ, ಪಾಠದಲ್ಲಿ ನಡೆದದ್ದನ್ನು ಹೇಳಿದರೆ ಓದುಗರಿಗೆ ತಿಳಿದೀತು.

ನಮ್ಮಲ್ಲಿಗೆ ಬರುವ ಎಂಟನೇ ತರಗತಿಯ ಹುಡುಗಿಯೊಬ್ಬಳು ಶಾಲೆಯಲ್ಲಿ ಹಾಡುವ ಪ್ರಾರ್ಥನೆಯನ್ನು ಕೀಬೋರ್ಡಿನ ಮೇಲೆ ಕೂಡಿಸಿಕೊಂಡು ಬಂದಿದ್ದಳು. ಫೋನನ್ನು ಕೀಬೋರ್ಡಿನ ಸ್ಟ್ಯಾಂಡಿಗೆ ಒರಗಿಸಿ ಇಟ್ಟಿದ್ದಳು, ತೆರೆಯ ಮೇಲೆ ಬಣ್ಣದ ಚೌಕಗಳು ಒಂದಾದ ಮೇಲೊಂದು ಸರಿಯುತ್ತಿದ್ದವು. ಬಲಗೈ ಧಾಟಿ ಹಿಡಿದಿತ್ತು, ತಾಳವೂ ತಪ್ಪಿರಲಿಲ್ಲ. ಎಡಗೈ ಸಿ ಒತ್ತಿದಾಗ ಎಲ್ಲ ನೆಟ್ಟಗಿತ್ತು. ಧಾಟಿ ಪಂಚಮದಿಂದ ರಿಷಭಕ್ಕೆ ಇಳಿಯುವಲ್ಲಿ ಚೌಕ ಜಿ ಎಂದು ತೋರಿಸಿತು, ಅವಳ ಬೆರಳು ಪ-ನಿ-ರಿ ಮೇಲೆ ಬಿದ್ದವು. ಆ ಪ್ರಾರ್ಥನೆಯ ಧಾಟಿ ಭೂಪಾಲಿ ರಾಗದ್ದು, ಅಂದರೆ ಸ ರಿ ಗ ಪ ದ, ಐದೇ ಸ್ವರ. ‘ಈ ನಿಷಾದ ಎಲ್ಲಿಂದ ಬಂತವಾ?’ ಅಂದೆ. ‘ಸರ, ಆ್ಯಪ್‌ನ್ಯಾಗ ಜಿ ಅಂತ ತೋರಸಾಕತ್ತೈತ್ರಿ’ ಅಂದಳು. ‘ಪದಾ ಹಾಡಿ ನೋಡು, ಅದರಾಗ ನಿ ಐತೇನು?’ ಅಂದೆ. ಕೀಬೋರ್ಡಿನಿಂದ ಕೈ ತೆಗೆದು ಮೆಲ್ಲಗೆ ಹಾಡಿದಳು, ಪ್ರತಿ ಸ್ವರಕ್ಕೂ ಬೆರಳು ಮಡಿಚಿದಳು. ‘ಇಲ್ರಿ ಸರ, ಮ-ನೂ ಇಲ್ರಿ’ ಅಂದಳು.

ಮಧ್ಯಮವೂ ಇಲ್ಲ ಎಂಬುದು ನಾನು ಕೇಳದೆಯೇ ಅವಳಿಗೆ ಹೊಳೆದ ಮಾತು. ಮಧ್ಯಮ ಇಲ್ಲವೆಂದರೆ ಎಫ್ ಹೋಯಿತು, ನಿಷಾದ ಇಲ್ಲವೆಂದರೆ ಜಿ ಹೋಯಿತು. ಭೂಪಾಲಿಯ ಐದು ಸ್ವರದೊಳಗೆ ಪೂರ್ತಿಯಾಗಿ ಹುಟ್ಟುವ ಮೂರು ಸ್ವರದ ಕಾರ್ಡ್‌ಗಳು ಎರಡೇ. ಒಂದು ಸ-ಗ-ಪ. ಇನ್ನೊಂದು ದ-ಸ-ಗ, ಅಂದರೆ ಎ ಮೈನರ್. ಜಿ ಬರುವ ಕಡೆ ಪ-ರಿ ಎರಡನ್ನೇ ಒತ್ತು, ಎಫ್ ತೋರಿಸಿದ ಕಡೆ ದ-ಸ-ಗ ಒತ್ತಿ ನೋಡು ಎಂದೆ. ನುಡಿಸಿದಳು, ಮತ್ತೆ ಮೊದಲಿನದನ್ನು ನುಡಿಸಿದಳು, ಮತ್ತೆ ಇದನ್ನು. ಯಾವುದು ತನ್ನ ಪ್ರಾರ್ಥನೆಯ ಹಾಗೆ ಕೇಳುತ್ತದೆ ಎಂದು ಅವಳೇ ಹೇಳಿದಳು. ಇಷ್ಟಕ್ಕೂ ಆ ಆ್ಯಪ್ ಕೊಟ್ಟ ಜಿ ಕೇಳಲು ಕೆಟ್ಟದ್ದೇನಲ್ಲ. ಸಿನಿಮಾ ಸಂಗೀತದವರು ಭೂಪಾಲಿಯ ಧಾಟಿಗೆ ಬೇಕೆಂದೇ ಅದನ್ನು ಹಾಕುತ್ತಾರೆ, ಬಹಳ ಚೆಂದವೂ ಆಗುತ್ತದೆ. ಹೊರಗಿನ ಸ್ವರವನ್ನು ತರುತ್ತಿದ್ದೇನೆಂದು ತಿಳಿದು ತರುವವನಿಗೆ ಅದು ಅಲಂಕಾರ. ತಿಳಿಯದೆ ಒತ್ತುವ ಮಗುವಿಗೆ ಭೂಪಾಲಿ ಯಾವುದು, ಏಳೂ ಶುದ್ಧ ಸ್ವರದ ಬಿಲಾವಲ್ ಯಾವುದು ಎಂಬ ಗೆರೆಯೇ ಅಳಿಸಿಹೋಗುತ್ತದೆ.

ಆ್ಯಪ್ ಹೀಗೇಕೆ ಹೇಳುತ್ತದೆ? ಅದಕ್ಕೆ ರಾಗದ ಪರಿಚಯ ಇಲ್ಲ. ರೆಕಾರ್ಡಿಂಗನ್ನು ಸಣ್ಣ ಸಣ್ಣ ತುಣುಕು ಮಾಡಿ, ಪ್ರತಿ ತುಣುಕಿನಲ್ಲಿ ಹನ್ನೆರಡು ಸ್ವರಗಳ ಪೈಕಿ ಯಾವುದರ ಬಲ ಎಷ್ಟಿದೆ ಎಂದು ಅಳೆದು, ತನಗೆ ಗೊತ್ತಿರುವ ಕಾರ್ಡ್‌ಗಳ ಪಟ್ಟಿಯಲ್ಲಿ ಯಾವುದಕ್ಕೆ ಹೆಚ್ಚು ಹೊಂದುತ್ತದೋ ಅದರ ಹೆಸರು ಬರೆಯುವುದು ಇಂಥ ತಂತ್ರಾಂಶಗಳ ಮೂಲ ಕ್ರಮ. ಯಾವ ಕಾರ್ಡಿನ ಹಿಂದೆ ಯಾವುದು ಬರುವ ಸಂಭವ ಹೆಚ್ಚು ಎಂಬ ಅಂದಾಜನ್ನೂ ಸೇರಿಸಿಕೊಳ್ಳುತ್ತವೆ. ಆ ಅಂದಾಜು ಬಂದದ್ದು ಹೆಚ್ಚಾಗಿ ಪಾಶ್ಚಾತ್ಯ ಪಾಪ್ ಹಾಡುಗಳಿಂದ. ಗಿಟಾರ್, ಬೇಸ್ ಇರುವ ಹಾಡಿಗೆ ಈ ಕ್ರಮ ಚೆನ್ನಾಗಿ ನಡೆಯುತ್ತದೆ. ತಂಬೂರಿ ಹಿಡಿದು ಹಾಡಿದ ತತ್ವಪದಕ್ಕೆ ನಡೆಯುವುದಿಲ್ಲ. ತಂಬೂರಿಯ ತಂತಿಗಳನ್ನು ಸ ಮತ್ತು ಪ-ಕ್ಕೆ ಕೂಡಿಸಿರುತ್ತಾರೆ. ಷಡ್ಜದ ತಂತಿಯೊಳಗಿಂದ ತಾನಾಗಿ ಗಾಂಧಾರವೂ ಹೊಮ್ಮುತ್ತದೆ, ಅದನ್ನು ನಮ್ಮವರು ಸ್ವಯಂಭೂ ಗಾಂಧಾರ ಎನ್ನುತ್ತಾರೆ. ಸ, ಪ, ಅವುಗಳ ಜೊತೆ ಶುದ್ಧ ಗ ಸದಾ ಕೇಳುತ್ತಿದ್ದರೆ ಆ್ಯಪ್ ಏನು ಬರೆದೀತು? ಹಾಡುವವರು ಭೀಮಪಲಾಸಿ ರಾಗದ ಕೋಮಲ (ಅರ್ಧ ಮೆಟ್ಟಿಲು ಇಳಿಸಿದ) ಗಾಂಧಾರದಲ್ಲಿದ್ದರೂ ತೆರೆಯ ಮೇಲೆ ಸಿ ಮೇಜರ್ ಬರೆದುಬಿಡುವುದುಂಟು. ಮಗು ಅದನ್ನು ನಂಬಿ ಶುದ್ಧ ಗ ಒತ್ತಿದರೆ ಹಾಡುವವರ ಕೊರಳಿಗೂ ಪೇಟಿಗೂ ಜಗಳ ಶುರು.

ಮಾಲಕಂಸ ರಾಗದಲ್ಲಿ ಇನ್ನೂ ದೊಡ್ಡ ತೊಡಕಿದೆ. ಅದರಲ್ಲಿ ಪಂಚಮ, ರಿಷಭ ಇಲ್ಲ. ಸ, ಕೋಮಲ ಗ, ಮ, ಕೋಮಲ ದ, ಕೋಮಲ ನಿ, ಇಷ್ಟೇ. ಇವುಗಳೊಳಗೆ ಪೂರ್ತಿಯಾಗಿ ಕೂಡುವ ಕಾರ್ಡ್‌ಗಳು ಮತ್ತೆ ಎರಡೇ: ಮಧ್ಯಮದ ಮೇಲೊಂದು, ಎಫ್ ಮೈನರ್. ಕೋಮಲ ಧೈವತದ ಮೇಲೊಂದು, ಎ ಫ್ಲಾಟ್ ಮೇಜರ್. ಎರಡರಲ್ಲೂ ಷಡ್ಜ ಒಳಗಿದೆ, ಯಾವುದರ ಬುಡದಲ್ಲೂ ಇಲ್ಲ. ಇದೇ ಐದು ಸ್ವರಗಳನ್ನು ಕೋಮಲ ಧೈವತದಿಂದ ಎಣಿಸುತ್ತ ಹೋದರೆ ಭೂಪಾಲಿ ಹುಟ್ಟುತ್ತದೆ ಎಂಬುದು ಮೂರ್ಛನೆ (ಅವೇ ಸ್ವರಗಳಲ್ಲಿ ಬೇರೊಂದನ್ನು ಷಡ್ಜ ಮಾಡಿ ಎಣಿಸುವುದು) ಕಲಿತವರಿಗೆಲ್ಲ ಗೊತ್ತು. ಹಾಗಾಗಿ ಆ್ಯಪ್ ಸುಲಭವಾಗಿ ಎ ಫ್ಲಾಟನ್ನೇ ಮನೆ ಎಂದು ತಿಳಿದುಬಿಡುತ್ತದೆ. ಹಾಡಿನ ಷಡ್ಜವೇ ಜಾಗ ಬಿಟ್ಟಂತಾಯಿತು. ಭಜನೆಯಲ್ಲಿ ಮಾಲಕಂಸದ ಧಾಟಿ ಬಂದಾಗ ನಾನು ಮಕ್ಕಳಿಗೆ ಎಡಗೈಯಲ್ಲಿ ಬರೀ ಸ-ಮ ಹಿಡಿಯಲು ಹೇಳುತ್ತೇನೆ, ತೀರ ಬೇಕಾದಲ್ಲಿ ಮ-ದ-ಸ. ಎ ಫ್ಲಾಟ್ ಮೇಜರನ್ನು ಧೈವತದ ಮೇಲೆ ನಿಲ್ಲುವ ಕಡೆ ಮಾತ್ರ.

ಇದನ್ನೆಲ್ಲ ಓದಿ, ನೋಡಿ ಯಂತ್ರಕ್ಕೆ ನಮ್ಮ ಸಂಗೀತ ಒಗ್ಗುವುದಿಲ್ಲ ಎಂಬ ತೀರ್ಮಾನಕ್ಕೆ ಯಾರೂ ಬರಬಾರದು. ಪೇಟಿಯನ್ನೂ ಒಮ್ಮೆ ಹೀಗೇ ಹೊರಗೆ ಹಾಕಿದ್ದರು. ಮೀಂಡ್, ಅಂದರೆ ಒಂದು ಸ್ವರದಿಂದ ಇನ್ನೊಂದಕ್ಕೆ ಜಾರುವುದು, ಬರುವುದಿಲ್ಲ, ಸ್ವರಗಳು ನಮ್ಮ ಶ್ರುತಿಗೆ ಕೂಡುವುದಿಲ್ಲ ಎಂದು 1940ರಲ್ಲಿ ಆಕಾಶವಾಣಿ ಹಾರ್ಮೋನಿಯಂ ಮೇಲೆ ನಿಷೇಧ ಹಾಕಿತು. ಅದು ಸಡಿಲವಾಗಿದ್ದು 1971ರಲ್ಲಿ. 1950ರಲ್ಲಿ ಧಾರವಾಡ ಆಕಾಶವಾಣಿ ಶುರುವಾದಾಗ ಈ ಭಾಗದ ಭಜನೆ, ಬಯಲಾಟ, ಕಂಪನಿ ನಾಟಕ ಎಲ್ಲದರಲ್ಲೂ ಪೇಟಿ ಇತ್ತು. ರೇಡಿಯೋದ ಸ್ಟುಡಿಯೋದೊಳಗೆ ಮಾತ್ರ ಅದಕ್ಕೆ ಜಾಗ ಇರಲಿಲ್ಲ. ನಮ್ಮ ಗದುಗಿನ ವೀರೇಶ್ವರ ಪುಣ್ಯಾಶ್ರಮದಲ್ಲಿ ಪುಟ್ಟರಾಜ ಗವಾಯಿಗಳ ಬೆರಳುಗಳು ಪೇಟಿಯ ಮೇಲೆ ಓಡಾಡಿದ್ದನ್ನು ಕೇಳಿದವರು ಇವತ್ತಿಗೂ ಈ ಊರಲ್ಲಿದ್ದಾರೆ. ವಾದ್ಯದ ಮಿತಿ ಯಾವುದು ಎಂದು ಅರಿತವರ ಕೈಯಲ್ಲಿ ಅದು ಸಾಥಿಯಾಯಿತು. ಮಿತಿ ಇದ್ದದ್ದಂತೂ ಹೌದು. ಪೇಟಿ, ಕೀಬೋರ್ಡ್ ಎರಡರಲ್ಲೂ ಸಪ್ತಕವನ್ನು ಹನ್ನೆರಡು ಸಮಪಾಲು ಮಾಡಿರುತ್ತಾರೆ. ಸಪ್ತಕಕ್ಕೆ 1200 ಸೆಂಟ್ ಎಂಬ ಅಳತೆಯಲ್ಲಿ ಹೇಳುವುದಾದರೆ ಕೀಬೋರ್ಡಿನ ಶುದ್ಧ ಗಾಂಧಾರ 400ಕ್ಕೆ ನಿಂತಿದೆ, ತಂಬೂರಿಯಿಂದ ಹೊಮ್ಮುವ ಗಾಂಧಾರ 386ರ ಹತ್ತಿರ. ಆ 14 ಸೆಂಟಿನ ವ್ಯತ್ಯಾಸ ವಿಲಂಬಿತದಲ್ಲಿ ಗಾಂಧಾರದ ಮೇಲೆ ನಿಂತ ಗಾಯಕರ ಪಕ್ಕದಲ್ಲಿ ಸ-ಗ-ಪ ಒತ್ತಿದರೆ ಸ್ಪಷ್ಟವಾಗಿ ಕೇಳುತ್ತದೆ. ಆದ್ದರಿಂದ ಖ್ಯಾಲಿಗೆ, ಅಂದರೆ ಶಾಸ್ತ್ರೀಯ ಗಾಯನಕ್ಕೆ, ಕಾರ್ಡ್ ಬೇಡ ಎಂಬುದು ನನ್ನ ಖಚಿತ ಅಭಿಪ್ರಾಯ. ಭಾವಗೀತೆಗೆ, ಶಾಲೆಯ ಹಾಡಿಗೆ, ಸಮೂಹಗಾನಕ್ಕೆ ಧಾರಾಳವಾಗಿ ಬೇಕು. ತತ್ವಪದಕ್ಕೆ ಎರಡೋ ಮೂರೋ, ಅದೂ ಮೆತ್ತಗೆ.

ಆ್ಯಪ್‌ಗಳು ನಿಜವಾಗಿ ಚೆನ್ನಾಗಿ ಮಾಡುವ ಕೆಲಸವೆಂದರೆ ತಾಳ್ಮೆಯದು. ಸ್ವರ ಬದಲಾಗದಂತೆ ವೇಗ ಮಾತ್ರ ಇಳಿಸಿ ಕೇಳಿಸುತ್ತವೆ, ಎರಡು ಆವರ್ತನವನ್ನಷ್ಟೇ ಮತ್ತೆ ಮತ್ತೆ ತಿರುಗಿಸುತ್ತವೆ. ಕಂಪ್ಯೂಟರಿನಲ್ಲಿ ಈ ಕೆಲಸಕ್ಕೆ ಆಡಾಸಿಟಿ ಎಂಬ ಉಚಿತ ತಂತ್ರಾಂಶ ಸಾಕು. ಕಲಿಯುವ ಮಗುವಿನ ಎಡಗೈ ಸಿ-ಯಿಂದ ಎಫ್‌ಗೆ ಹೋಗುವಾಗ ತಡವರಿಸುವುದನ್ನು ಎಲ್ಲ ಮಾಸ್ತರರೂ ನೋಡಿರುತ್ತೀರಿ. ತೆರೆಯ ಮೇಲೆ ಎಫ್ ಎಂದು ಬಂದೊಡನೆ ಕೈ ಪೂರ್ತಿ ಎತ್ತಿ ಮ-ದ-ಸ ಹುಡುಕುತ್ತಾರೆ. ಎತ್ತಬೇಕಾಗಿಲ್ಲ. ಸ-ಗ-ಪ ಒತ್ತಿದ ಕೈ ಹಾಗೇ ಇರಲಿ, ಸ ಮೇಲಿನ ಬೆರಳು ಅಲ್ಲೇ ಇರಲಿ. ಗ ಮೇಲಿನ ಬೆರಳು ಪಕ್ಕದ ಮ-ಕ್ಕೆ, ಪ ಮೇಲಿನ ಬೆರಳು ಪಕ್ಕದ ದ-ಕ್ಕೆ ಸರಿದರೆ ಸ-ಮ-ದ ಆಯಿತು, ಅದೇ ಎಫ್. ಮತ್ತೆ ಸ-ಗ-ಪಕ್ಕೆ ಬಂದು, ಈ ಸಲ ಪ ಅಲ್ಲೇ ಇಟ್ಟು, ಸ-ವನ್ನು ಕೆಳಗಿನ ನಿ-ಗೆ, ಗ-ವನ್ನು ರಿ-ಗೆ ಇಳಿಸಿದರೆ ನಿ-ರಿ-ಪ, ಅದೇ ಜಿ. ಮೂರು ಕಾರ್ಡ್ ಒಂದೇ ಅಂಗೈಯ ಅಗಲದೊಳಗೆ ಮುಗಿಯುತ್ತದೆ. ಇದನ್ನು ಬಾಯಿಂದ ಹೇಳುವುದು ಒಂದು ನಿಮಿಷದ ಮಾತು. ಕೈಗೆ ಕೂರಿಸಲು ನಿಧಾನ ಲಯದಲ್ಲಿ ದಣಿಯದೆ ಕೆಹರವಾ ತಾಳ ಬಾರಿಸುತ್ತ ಕೂರುವವರು ಬೇಕು. ಆ ಕೆಲಸವನ್ನು ಫೋನ್ ಮಾಡಲಿ, ಸಂತೋಷ. ಕೆಹರವಾದ ಎಂಟು ಮಾತ್ರೆಯಲ್ಲಿ ಒಂದನೆಯದರ ಮೇಲೆ, ಬೇಕೆನಿಸಿದರೆ ಐದನೆಯದರ ಮೇಲೆ ಕಾರ್ಡ್ ಬದಲಿಸು; ಆರು ಮಾತ್ರೆಯ ದಾದ್ರಾ ತಾಳದಲ್ಲಿ ಒಂದು, ನಾಲ್ಕು. ಇಷ್ಟು ಹೇಳಿಕೊಟ್ಟರೆ ಮಗು ಮನೆಯಲ್ಲಿ ತಾನೇ ಸಾಧನೆ ಮಾಡುತ್ತದೆ.

ಕೀಬೋರ್ಡಿನ ಟ್ರಾನ್ಸ್‌ಪೋಸ್ (ಷಡ್ಜದ ಮಟ್ಟ ಏರಿಸಿ ಇಳಿಸುವ) ಬಟನ್ನಿನ ಬಗ್ಗೆಯೂ ಪಾಲಕರಿಗೆ ಒಂದು ಮಾತು. ಅದನ್ನು ಒತ್ತಿ ಎಲ್ಲವನ್ನೂ ಬಿಳಿ ಒಂದರಲ್ಲೇ ನುಡಿಸುವ ರೂಢಿ ಬಿದ್ದರೆ, ಮುಂದೆ ಭಜನೆಯಲ್ಲಿ ಹಿರಿಯರು ಕರಿ ಎರಡನ್ನು (ಎರಡನೆಯ ಕರಿ ಕೀಯನ್ನು) ಷಡ್ಜ ಮಾಡಿ ಹಾಡಿದಾಗ ಪೇಟಿಯ ಮೇಲೆ ಕೈ ಓಡುವುದಿಲ್ಲ. ಪೇಟಿಗೆ ಬಟನ್ ಇಲ್ಲ.

ಇನ್ನು ಮೂರನೆಯ ಬಗೆಯ ಸಾಧನಗಳು. ಮ್ಯೂಸ್‌ಸ್ಕೋರ್ ಪೂರ್ತಿ ಉಚಿತ, ಯಾರು ಬೇಕಾದರೂ ಎಷ್ಟು ಕಂಪ್ಯೂಟರಿಗೆ ಬೇಕಾದರೂ ಹಾಕಿಕೊಳ್ಳಬಹುದು, ಇಳಿಸಿಕೊಂಡ ಮೇಲೆ ಇಂಟರ್ನೆಟ್ ಕೂಡ ಬೇಡ. ಧಾಟಿಯ ಸ್ವರಗಳನ್ನು ಒಂದೊಂದಾಗಿ ಕೂರಿಸಿ, ಮೇಲೆ ಕಾರ್ಡಿನ ಹೆಸರು ಬರೆದರೆ ಎರಡನ್ನೂ ಕೂಡಿಸಿ ನುಡಿಸಿ ತೋರಿಸುತ್ತದೆ. ಸಾಹಿತ್ಯ ಬರೆಯುವ ಸಾಲಿನಲ್ಲಿ ಕನ್ನಡ ಅಕ್ಷರ ಮೂಡುತ್ತದೆ. ಹಾಗಾಗಿ ಮೊದಲ ಸಾಲಿನಲ್ಲಿ ಪದ, ಎರಡನೆಯ ಸಾಲಿನಲ್ಲಿ ಸ ರಿ ಗ ಮ ಬರೆದುಕೊಳ್ಳಬಹುದು. ಐದು ಗೆರೆಯ ಪಾಶ್ಚಾತ್ಯ ಲಿಪಿ ಓದಲು ಬಾರದ ನಮ್ಮ ಮಕ್ಕಳು ಈ ಎರಡನೆಯ ಸಾಲು ನೋಡಿಕೊಂಡೇ ನುಡಿಸುತ್ತಾರೆ, ನೋಡನೋಡುತ್ತ ಗೆರೆಯ ಲಿಪಿಯೂ ಪರಿಚಯವಾಗುತ್ತದೆ. ಇಲ್ಲಿ ಕಾರ್ಡನ್ನು ಯಂತ್ರ ಊಹಿಸುವುದಿಲ್ಲ. ಮಗು ಧಾಟಿಯನ್ನು ಹಾಡಿ, ಷಡ್ಜ ಹುಡುಕಿ, ಸ್ವರ ಬರೆದು, ಕಾರ್ಡ್ ತಾನೇ ಆರಿಸಬೇಕು. ಸರಿಯಿಲ್ಲ ಅನಿಸಿದರೆ ಅಳಿಸಿ ಇನ್ನೊಂದು ಹಾಕಿ ಕೇಳಬೇಕು. ಕಿವಿ ಬೆಳೆಯುವುದು ಇಂಥ ಕೆಲಸದಲ್ಲಿ. ಮೇಲೆ ಹೇಳಿದ ಹುಡುಗಿ ಈಗ ತನ್ನ ಪ್ರಾರ್ಥನೆಯನ್ನು ಹೀಗೆ ಬರೆದುಕೊಂಡಿದ್ದಾಳೆ, ಅವಳ ಶಾಲೆಯ ಬೇರೆ ಮಕ್ಕಳು ಅದನ್ನು ಅವಳಿಂದ ಇಸಿದುಕೊಂಡಿದ್ದಾರೆ.

ಎಬಿಸಿ ಲಿಪಿ ಅದಕ್ಕಿಂತಲೂ ಸರಳ. ಇಂಗ್ಲೆಂಡಿನ ಕ್ರಿಸ್ ವಾಲ್‌ಶಾ ರೂಪಿಸಿದ್ದು, 1990ರ ದಶಕದಿಂದ ಬಳಕೆಯಲ್ಲಿದೆ. ಬರೀ ಅಕ್ಷರಗಳಲ್ಲಿ ಧಾಟಿ ಬರೆಯುವುದು. ಷಡ್ಜಕ್ಕೆ ಸಿ, ರಿಷಭಕ್ಕೆ ಡಿ, ಹೀಗೆ. ಸ್ವರ ಎಷ್ಟು ಮಾತ್ರೆ ನಿಲ್ಲಬೇಕೋ ಆ ಅಂಕಿ ಪಕ್ಕದಲ್ಲಿ, ಕಾರ್ಡಿನ ಹೆಸರು ಉದ್ಧರಣ ಚಿಹ್ನೆಯೊಳಗೆ ಸ್ವರದ ಮುಂದೆ. ತಾಳ ಏಳು ಮಾತ್ರೆಯ ರೂಪಕವಾಗಲಿ, ಹತ್ತರ ಝಪತಾಲವಾಗಲಿ, ತಲೆಯ ಮೇಲೆ ಒಂದು ಸಾಲಿನಲ್ಲಿ ಬರೆದರೆ ಒಪ್ಪಿಕೊಳ್ಳುತ್ತದೆ. (ತಯಾರಾಗಿ ಸಿಗುವ ರಿದಮ್‌ಗಳಲ್ಲಿ ಹೆಚ್ಚಿನವು ನಾಲ್ಕು, ಇಲ್ಲವೇ ಮೂರರ ಲೆಕ್ಕದವು. ಏಳರ ಪದ ಹಾಡುವವರಿಗೆ ಅಲ್ಲಿ ದೊಡ್ಡ ತೊಂದರೆ.) ಇಡೀ ಪದ ನಾಲ್ಕೈದು ಸಾಲಿನಲ್ಲಿ ಮುಗಿಯುತ್ತದೆ, ವಾಟ್ಸಾಪಿನಲ್ಲಿ ಮೆಸೇಜ್ ಮಾಡಿದಂತೆ ಕಳಿಸಬಹುದು. ಪಡೆದವರು ಅದನ್ನು ಈಸಿಎಬಿಸಿಯಂಥ ಉಚಿತ ತಂತ್ರಾಂಶದಲ್ಲಿ ಹಾಕಿದರೆ ನುಡಿಯುತ್ತದೆ. ಐರ್ಲೆಂಡಿನವರು, ಸ್ಕಾಟ್ಲೆಂಡಿನವರು ತಮ್ಮ ಜನಪದ ಕುಣಿತದ ಧಾಟಿಗಳನ್ನು ಸಾವಿರಗಟ್ಟಲೆ ಈ ಲಿಪಿಯಲ್ಲಿ ಬರೆದು ಜಗತ್ತಿಗೆ ಹಂಚಿದ್ದಾರೆ. ಎಲ್ಲೋ ಕೂತ ಮಗು ಇವತ್ತು ಐರಿಷ್ ಧಾಟಿಯೊಂದನ್ನು ಕಾರ್ಡ್ ಸಹಿತ ಕಲಿಯಬಹುದು. ನಮ್ಮ ಸೋಬಾನೆ ಪದ, ಗೀಗೀ ಪದ, ಡೊಳ್ಳಿನ ಪದ, ಮೊಹರಮ್ ಹೆಜ್ಜೆ ಮೇಳದ ಪದ ಕಲಿಯಬೇಕೆಂದರೆ ಏನು ಸಿಗುತ್ತದೆ? ಹುಡುಕಿ ನೋಡಿದವರಿಗೆ ಗೊತ್ತು.

ನಮ್ಮಲ್ಲಿಗೆ ಬರುವ ಕಣ್ಣು ಕಾಣದ ಹುಡುಗನೊಬ್ಬನಿಗೆ ಈ ಲಿಪಿ ಎಷ್ಟು ಒದಗಿದೆ ಎಂಬುದನ್ನು ಬಿಡಿಸಿ ಹೇಳಬೇಕು. ಅವನ ಕಿವಿ ನಮ್ಮೆಲ್ಲರಿಗಿಂತ ಚುರುಕು. ಒಮ್ಮೆ ಕೇಳಿದ ಧಾಟಿ ಪೇಟಿಯ ಮೇಲೆ ಬರುತ್ತದೆ. ಕಾರ್ಡ್ ಕಲಿಸುವ ಆ್ಯಪ್ ಒಂದನ್ನು ಅವನ ಫೋನಿಗೆ ಹಾಕಿದರೆ, ತೆರೆ ಓದಿ ಹೇಳುವ ತಂತ್ರಾಂಶ ‘ಬಟನ್, ಬಟನ್, ಬಟನ್’ ಎಂದಷ್ಟೇ ಹೇಳುತ್ತಿತ್ತು. ಮಾಡಿದವರು ಆ ಚೌಕಗಳಿಗೆ ಹೆಸರನ್ನೇ ಕೊಟ್ಟಿರಲಿಲ್ಲ, ಎಲ್ಲ ಬರೀ ಬಣ್ಣ. ಎಬಿಸಿ ಲಿಪಿ ಬರೀ ಅಕ್ಷರವಾದ್ದರಿಂದ ಅದನ್ನು ಫೋನ್ ಓದಿ ಹೇಳುತ್ತದೆ, ಕಾರ್ಡಿನ ಹೆಸರು ಸಮೇತ. ಬಲಗೈಯಿಂದ ತೆರೆಯ ಮೇಲೆ ಅಕ್ಷರ ಅಕ್ಷರ ಸರಿಸುತ್ತ, ಎಡಗೈಯಿಂದ ಕೀಬೋರ್ಡಿನ ಮೇಲೆ ಕಾರ್ಡ್ ಒತ್ತಿ ನೋಡುತ್ತ ಅವನು ಕೂತಿರುವುದನ್ನು ನೋಡಬೇಕು. ಕಂಪ್ಯೂಟರಿನಲ್ಲಾದರೆ ಎನ್‌ವಿಡಿಎ ಎಂಬ ಉಚಿತ ತಂತ್ರಾಂಶ ಇದೆ. ಆಸ್ಟ್ರೇಲಿಯಾದ ಇಬ್ಬರು ಅಂಧ ಗೆಳೆಯರು 2006ರಲ್ಲಿ ಶುರು ಮಾಡಿದ ಕೆಲಸ, ಕನ್ನಡವನ್ನೂ ಓದುತ್ತದೆ. ಮ್ಯೂಸ್‌ಸ್ಕೋರ್ ಇದರ ಜೊತೆ ಹೊಂದಿಕೊಂಡು ನಡೆಯುತ್ತದೆ, ಅದರ ಹೊಸ ಆವೃತ್ತಿಗಳಲ್ಲಿ ಬರೆದ ಸ್ವರ ಬ್ರೈಲ್ ಸಂಗೀತ ಲಿಪಿಯಲ್ಲೂ ಮೂಡುತ್ತದೆ. ಪಂಚಾಕ್ಷರಿ ಗವಾಯಿಗಳೂ ಪುಟ್ಟರಾಜ ಗವಾಯಿಗಳೂ ಕಣ್ಣು ಕಾಣದ ಮಕ್ಕಳನ್ನು ಕರೆದು ಸಂಗೀತ ಕೊಟ್ಟ ಊರು ಇದು. ಸಂಗೀತದ ಯಾವ ಹೊಸ ಸಾಧನ ಬಂದರೂ, ಇದು ಅವರ ಕೈಗೆ ಸಿಗುತ್ತದೆಯೇ ಎಂದು ಮೊದಲು ಕೇಳುವ ಹಕ್ಕು ಗದುಗಿನವರಿಗೆ ಇದೆ. ಆ್ಯಪ್ ಮಾಡುವ ಬೆಂಗಳೂರಿನ, ಹುಬ್ಬಳ್ಳಿಯ ನಮ್ಮ ಹುಡುಗರು ಯಾರಾದರೂ ಇದನ್ನು ಓದುತ್ತಿದ್ದರೆ, ಬಟನ್ನಿಗೆ ಹೆಸರು ಕೊಡುವುದು ಒಂದು ಸಾಲಿನ ಕೆಲಸ, ದಯವಿಟ್ಟು ಮಾಡಿರಿ. ಷಡ್ಜ ಯಾವುದೆಂದು ನುಡಿಸುವವರೇ ಹೇಳಲು ಒಂದು ಜಾಗ ಕೊಡಿರಿ. ಈ ರಾಗದ ಸ್ವರಗಳ ಆಚೆ ಹೋಗಬೇಡ ಎಂದು ತಡೆಯಲು ಒಂದು ಗುಂಡಿ ಇರಲಿ. ಸ್ವರದ ಹೆಸರು ಕನ್ನಡದಲ್ಲಿ ಬರಲಿ.

ಈಗ ನನ್ನ ಬೇಡಿಕೆ. ಶಿಗ್ಗಾಂವಿ ಹತ್ತಿರ ಗೊಟಗೋಡಿಯಲ್ಲಿ ಕರ್ನಾಟಕ ಜಾನಪದ ವಿಶ್ವವಿದ್ಯಾಲಯ ಇದೆ. ಧಾರವಾಡದ ಕರ್ನಾಟಕ ವಿಶ್ವವಿದ್ಯಾಲಯದಲ್ಲಿ ಸಂಗೀತ ಕಲಿಸುತ್ತಾರೆ. ನಮ್ಮ ಹುಬ್ಬಳ್ಳಿಯ ಗಂಗೂಬಾಯಿ ಹಾನಗಲ್ ಅವರ ಹೆಸರಿನ ಸಂಗೀತ ವಿಶ್ವವಿದ್ಯಾಲಯ ಮೈಸೂರಿನಲ್ಲಿದೆ. ಈ ಮೂರೂ ಕಡೆಯ ವಿದ್ಯಾರ್ಥಿಗಳಿಂದ ಉತ್ತರ ಕರ್ನಾಟಕದ ಸಾಂಪ್ರದಾಯಿಕ ಧಾಟಿಗಳನ್ನು ಬರೆಸಿ, ಪ್ರತಿ ಧಾಟಿಗೂ ಸ್ವರಲಿಪಿ, ತಾಳ, ರಾಗದ ಛಾಯೆ, ಕೂಡುವ ಕಾರ್ಡ್ ಇಷ್ಟನ್ನು ಎಬಿಸಿ ಮತ್ತು ಮ್ಯೂಸ್‌ಸ್ಕೋರ್ ಎರಡರಲ್ಲೂ ಉಚಿತವಾಗಿ ಹಂಚಬೇಕು. ಒಂದೇ ಪದಕ್ಕೆ ಊರೂರಿಗೆ ಧಾಟಿ ಬೇರೆ ಇರುತ್ತದೆ. ಎಲ್ಲವನ್ನೂ ಬರೆಯಲಿ, ಯಾವ ಊರಿನದೆಂದು ಹೆಸರು ಹಾಕಲಿ. ಶಿಶುನಾಳ ಷರೀಫರ (1819–1889) ಪದಗಳನ್ನೇ ತಗೊಳ್ಳಿ. ಅವರ ಊರು ಹಾವೇರಿ ಜಿಲ್ಲೆಯದೇ. ಇವತ್ತು ಮಕ್ಕಳಿಗೆ ಗೊತ್ತಿರುವುದು ಕ್ಯಾಸೆಟ್ ಕಾಲದಿಂದ ಬಂದ ಧಾಟಿಗಳು. ಅವೂ ಒಳ್ಳೆಯವೇ. ಭಜನಾ ಮೇಳಗಳಲ್ಲಿ ಹಿರಿಯರು ಅದೇ ಪದಗಳನ್ನು ಏಕತಾರಿ, ದಮ್ಮಡಿ ಹಿಡಿದು ಬೇರೆಯೇ ಧಾಟಿಯಲ್ಲಿ ಹೇಳುತ್ತಾರೆ, ಅವರ ವಯಸ್ಸು ನೋಡಿದರೆ ಇದನ್ನು ತಡ ಮಾಡುವಂತಿಲ್ಲ. ಕಾಯ್ದೆಯ ವಿಷಯವನ್ನೂ ಗಮನದಲ್ಲಿಡಬೇಕು. ನಮ್ಮ ದೇಶದಲ್ಲಿ ರಾಗಸಂಯೋಜನೆಯ ಹಕ್ಕು ಸಂಯೋಜಕರು ತೀರಿಕೊಂಡ ಮೇಲೂ 60 ವರ್ಷ ಇರುತ್ತದೆ. ಆದ್ದರಿಂದ ಈಚಿನ ಸಂಯೋಜಕರ ಧಾಟಿಗಳನ್ನು ಮುಟ್ಟುವುದು ಬೇಡ. ಪರಂಪರೆಯಿಂದ ಬಂದವೇ ಬರೆದು ಮುಗಿಯದಷ್ಟಿವೆ.

ಶಾಲೆಗಳ ಮಾತೂ ಇದೆ. ಸಂಗೀತ ಶಿಕ್ಷಕರೇ ಇಲ್ಲದ ಸರ್ಕಾರಿ ಪ್ರೌಢಶಾಲೆಗಳು ನಮ್ಮ ಜಿಲ್ಲೆಯಲ್ಲೂ ಇವೆ. ಕಂಪ್ಯೂಟರ್ ಕೋಣೆ ಇರುವ ಕಡೆ ಅದರ ಯಂತ್ರಗಳಿಗೆ ಮ್ಯೂಸ್‌ಸ್ಕೋರ್ ಹಾಕಲು ಒಂದು ರೂಪಾಯಿ ಖರ್ಚಿಲ್ಲ. ಪ್ರಾರ್ಥನೆ, ನಾಡಗೀತೆ ಹೇಳಿಸುವ ಶಿಕ್ಷಕರಿಗೆ ಒಂದು ದಿನದ ಕಮ್ಮಟ ಮಾಡಿದರೆ ಸಾಕು, ಸ-ಗ-ಪ, ಸ-ಮ-ದ, ನಿ-ರಿ-ಪ ಇಷ್ಟನ್ನು ಹಿಡಿದುಕೊಂಡು ಮಕ್ಕಳ ಜೊತೆ ಅವರೂ ಕಲಿಯುತ್ತಾರೆ. ಗದಗ, ಬೆಟಗೇರಿಯ ಯಾವ ಶಾಲೆ ಕರೆದರೂ ನಾನು ಬಂದು ಹೇಳಿಕೊಡುತ್ತೇನೆ, ಸಂಭಾವನೆ ಬೇಡ.

ಸಂಪಾದಕರೇ, ನಿಮ್ಮಲ್ಲೂ ಒಂದು ಕೇಳಿಕೆ ಇದೆ. ಭಾನುವಾರದ ಪುರವಣಿಯಲ್ಲಿ ಪದಬಂಧದ ಪಕ್ಕ ನಾಲ್ಕು ಇಂಚು ಜಾಗ ಕೊಡಿರಿ. ವಾರಕ್ಕೊಂದು ಸಾಂಪ್ರದಾಯಿಕ ಧಾಟಿ, ಕನ್ನಡ ಸ್ವರಲಿಪಿಯಲ್ಲಿ, ಕೆಳಗೆ ಕಾರ್ಡ್, ಮೂಲೆಯಲ್ಲಿ ಫೋನಿನಿಂದ ಸ್ಕ್ಯಾನ್ ಮಾಡಿದರೆ ಎಬಿಸಿ ಫೈಲ್ ಸಿಗುವ ಕ್ಯೂಆರ್ ಚೌಕ. ಓದುಗರೂ ತಮ್ಮ ಊರಿನ ಧಾಟಿ ಬರೆದು ಕಳಿಸಲಿ. ಮೊದಲ ವಾರಕ್ಕೆಂದು ನಮ್ಮ ಮೇಳದ ಹಿರಿಯರು ಭಜನೆಯ ಕೊನೆಗೆ ಹೇಳುವ ಮಂಗಳಾರತಿ ಪದವೊಂದರ ಧಾಟಿಯನ್ನು ಅವರ ಒಪ್ಪಿಗೆಯಿಂದ ಬರೆದಿಟ್ಟಿದ್ದೇನೆ. ಭೂಪಾಲಿಯ ಛಾಯೆ, ಕೆಹರವಾ, ಷಡ್ಜ ಕರಿ ಎರಡು, ಎರಡೇ ಕಾರ್ಡ್. ನೀವು ಹೂಂ ಅಂದರೆ ನಾಳೆಯೇ ಕಳಿಸುತ್ತೇನೆ.

ತಮ್ಮ ವಿಶ್ವಾಸಿ,
ಹಾರ್ಮೋನಿಯಂ ಮಾಸ್ತರ,
ಬೆಟಗೇರಿ, ಗದಗ